ಕಿಟಕಿ ಮುಚ್ಚಿದ್ದರೂ ಪರದೆ ಅಲ್ಲಾಡುವ ಮನೆ

ಇಂಗ್ಲೆಂಡಿನ ಬಾತ್ ಊರಲ್ಲಿ ಮನೆ ಅಂದರೆ ಸಾಕು, ಎಲ್ಲರೂ ಫೋಟೋ ಕೇಳುತ್ತಾರೆ. ಜೇನಿನ ಬಣ್ಣದ ಕಲ್ಲು, ಆಳೆತ್ತರದ ಕಿಟಕಿ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಜನವರಿಯಲ್ಲಿ ಆ ಕಿಟಕಿ ಪಕ್ಕ ಕೂತವರಿಗೇ ಅದರ ಮಜಾ ಗೊತ್ತು.

ಚಳಿಗಾಳಿ ತಡೆಯಲು ಡಬಲ್ ಗ್ಲಾಸ್, ಅಂದರೆ ಎರಡು ಪದರದ ಗಾಜು ಹಾಕಿಸಿಬಿಡೋಣ ಅಂತ ಹೊರಟೆವು. ನಮ್ಮದು ಲಿಸ್ಟೆಡ್ ಕಟ್ಟಡ, ಅಂದರೆ ಕಾನೂನಿನ ರಕ್ಷಣೆಯ ಪಟ್ಟಿಯಲ್ಲಿರುವಂಥದ್ದು, ಗ್ರೇಡ್ 2. ಕೊನೆಯ ದರ್ಜೆ ತಾನೇ, ನಿಯಮ ಸಡಿಲ ಇರುತ್ತದೆ ಅಂದುಕೊಂಡಿದ್ದೆ. ಎಲ್ಲಿಯ ಸಡಿಲ! ಕಟ್ಟಡದ ಚಹರೆ ಬದಲಾಗುವ ಯಾವ ಕೆಲಸಕ್ಕೂ, ಹೊರಗಿರಲಿ ಒಳಗಿರಲಿ, ಮೊದಲು ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ ಒಪ್ಪಿಗೆ ಪಡೆಯಬೇಕು. ಕೇಳದೆ ಮಾಡಿದರೆ 1990ರ ಕಾಯ್ದೆಯಂತೆ ಅಪರಾಧ, ಜೈಲೂ ಆಗಬಹುದು.

ಕೊನೆಗೆ ದಾರಿ ತೋರಿಸಿದ್ದು ಒಬ್ಬ ಬಡಗಿ. ಇಲ್ಲಿನ ಹಳೇ ಕಿಟಕಿಗಳು ಮೇಲೆ ಕೆಳಗೆ ಜಾರುತ್ತವೆ. ಚೌಕಟ್ಟಿನೊಳಗೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ತೂಕ ಇರುತ್ತದೆ. ಅವರು ಎಲ್ಲ ಬಿಚ್ಚಿ, ಹಗ್ಗ ಬದಲಿಸಿ, ಸಂದಿಗಳಿಗೆ ಬ್ರಷ್‌ನಂಥ ಪಟ್ಟಿ ಕೂರಿಸಿದರು. ಎಷ್ಟೋ ವರ್ಷದಿಂದ ಬಣ್ಣ ಮೆತ್ತಿಕೊಂಡು ತೆರೆಯದೇ ಇದ್ದ ಒಳಗಿನ ಮರದ ಕದಗಳನ್ನೂ ಬಿಡಿಸಿದರು. ಒಳಬದಿಗೆ ಇನ್ನೊಂದು ಗಾಜಿನ ಚೌಕಟ್ಟು ಹಾಕಲು ಕೌನ್ಸಿಲ್ ತಕರಾರು ಮಾಡಲಿಲ್ಲ, ಬೇಕಾದಾಗ ತೆಗೆಯಬಹುದಲ್ವಾ.

ಗೋಡೆ ಮಾತ್ರ ಬೇರೆ ಕಥೆ. ಈಗಿನ ಮನೆಗಳಂತೆ ನಡುವೆ ಟೊಳ್ಳು ಬಿಟ್ಟು ಕಟ್ಟಿದ್ದಲ್ಲ, ಗಟ್ಟಿ ಕಲ್ಲು, ಸುಣ್ಣದ ಗಾರೆ. ಮಳೆ ನೀರು ಸ್ವಲ್ಪ ಒಳಗಿಳಿಯುತ್ತದೆ, ಬಿಸಿಲು ಗಾಳಿಗೆ ಸುಣ್ಣದ ಮೂಲಕ ಆರಿಹೋಗುತ್ತದೆ. ಹಿಂದೆ ಯಾರೋ ಪುಣ್ಯಾತ್ಮರು ಹಿತ್ತಲ ಗೋಡೆಯ ಸಂದಿಗಳಿಗೆ ಸಿಮೆಂಟ್ ತುಂಬಿದ್ದರು. ತೇವಕ್ಕೆ ಹೊರದಾರಿ ಇಲ್ಲ, ಒಳಗೆ ಬೂಷ್ಟು. ಒದ್ದೆ ಗೋಡೆಯಿಂದ ಬಿಸಿ ಬೇರೆ ಬೇಗ ಸೋರುತ್ತದೆ. ಇದರ ಮೇಲೆ ಒಳಗಡೆ ಫೋಮ್ ಹಲಗೆ ಬಡಿಸಲು ನಾನೇ ಹೊರಟಿದ್ದೆ! ಸದ್ಯ, ಹಾಗಾಗಲಿಲ್ಲ. ಸಿಮೆಂಟ್ ಕೆತ್ತಿ ತೆಗೆಸಿ ಸುಣ್ಣದ ಗಾರೆ ತುಂಬಿಸಿದೆವು. ಗೋಡೆ ಪೂರ್ತಿ ಒಣಗಲು ತಿಂಗಳುಗಟ್ಟಲೆ ಬೇಕಾಯಿತು.

ಅಟ್ಟದಲ್ಲಿ 270 ಮಿಲಿಮೀಟರ್ ದಪ್ಪಕ್ಕೆ ಉಣ್ಣೆಯಂಥ ಹಾಸು ಹಾಸಿದ್ದೇವೆ, ಸೂರಿನ ಅಂಚಲ್ಲಿ ಗಾಳಿಯಾಡಲು ಜಾಗ ಬಿಟ್ಟು. ಖರ್ಚು ಕಡಿಮೆ, ಲಾಭ ಜಾಸ್ತಿ.

ಹಳೇ ಕಟ್ಟಡಕ್ಕೆ ಏನೂ ಮಾಡಲು ಬಿಡಲ್ಲ ಅಂತ ಇಲ್ಲಿ ಅನೇಕರು ಗೊಣಗುತ್ತಾರೆ. ಅದೂ ಪೂರ್ತಿ ನಿಜವಲ್ಲ. ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜ್ ಚಾಪೆಲ್ (ಪ್ರಾರ್ಥನಾ ಮಂದಿರ) 500 ವರ್ಷ ದಾಟಿದ ಗ್ರೇಡ್ 1, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ ಕಟ್ಟಡ. 2023ರಲ್ಲಿ ಅದರ ಚಾವಣಿ ಮೇಲೆ 438 ಸೋಲಾರ್ ಪ್ಯಾನೆಲ್ ಕೂತವು.

ನಮ್ಮ ಪರದೆ ಈಗ ಅಲ್ಲಾಡುವುದಿಲ್ಲ. ಅಡುಗೆಮನೆ ಕಿಟಕಿ ಒಂದು ಬಾಕಿ. ಬಡಗಿ ಮುಂದಿನ ತಿಂಗಳು ಬರುತ್ತಾರಂತೆ. ಹೋದ ತಿಂಗಳೂ ಹಾಗೇ ಹೇಳಿದ್ದರು.