ಕಾರಿನ ಒಳಗಿಂದಲೇ ಇಳಿಯುವ ಗೇರ್ ಬಾಕ್ಸ್

ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರುತ್ತದೆ. 1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿತ್ತು. ಅಂಬಾಸಿಡರ್, ಫಿಯೆಟ್ ನಡುವೆ ಅಪರೂಪಕ್ಕೊಂದು ಹೆರಾಲ್ಡ್ ಬಂದರೆ ಜನ ತಿರುಗಿ ನೋಡುತ್ತಿದ್ದರು. ಅದರ ಹುಟ್ಟೂರು ಇಂಗ್ಲೆಂಡಿನ ಕಾವೆಂಟ್ರಿ. ನಾನೀಗ ಇರುವುದು ಅಲ್ಲೇ.

ನನ್ನ ಹತ್ತಿರ ಇರುವುದು ಹೆರಾಲ್ಡ್ ಅಲ್ಲ, ಅದರ ತಮ್ಮ. ಟ್ರಯಂಫ್ ಸ್ಪಿಟ್‌ಫೈರ್ 1500. ಹೆರಾಲ್ಡ್‌ನ ಚಾಸಿಯನ್ನೇ ಗಿಡ್ಡ ಮಾಡಿ, ಮೇಲೆ ಇಬ್ಬರು ಕೂರುವ ಸ್ಪೋರ್ಟ್ಸ್ ಕಾರಿನ ಬಾಡಿ ಕೂರಿಸಿದ್ದಾರೆ. ಎರಡನ್ನೂ ಡಿಸೈನ್ ಮಾಡಿದವರು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. ಎಂಜಿನ್ ಕೂಡ ಒಂದೇ ವಂಶದ್ದು. 1953ರ ಸ್ಟ್ಯಾಂಡರ್ಡ್ ಎಯ್ಟ್ ಕಾರಿನಲ್ಲಿ 803 ಸಿಸಿ ಇದ್ದದ್ದು ನಮ್ಮ ಹೆರಾಲ್ಡ್‌ಗೆ ಬರುವಾಗ 948 ಆಯಿತು. ನನ್ನ ಕಾರಿನಲ್ಲಿ 1493. ಇಲ್ಲಿನ ಕ್ಯಾನ್ಲಿ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಸ್ಪಿಟ್‌ಫೈರ್ ತಯಾರಾಯಿತು. ಈಗ ಆ ಜಾಗದಲ್ಲಿ ಆಫೀಸುಗಳು, ಅಂಗಡಿಗಳು. ಒಂದು ರಸ್ತೆಗೆ ಹೆರಾಲ್ಡ್ ಅವೆನ್ಯೂ ಅಂತಲೇ ಹೆಸರಿದೆ.

ಕಳೆದ ಬೇಸಿಗೆಯಲ್ಲಿ ಕ್ಲಚ್ ಜಾರತೊಡಗಿತು. ಟಾಪ್ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಕೂಗುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ಗ್ಯಾರೇಜಿಗೆ ಕೊಟ್ಟರೆ ಇಲ್ಲಿ ಗಂಟೆ ಲೆಕ್ಕದಲ್ಲಿ ಕೂಲಿ. ಬರೀ ದುಡ್ಡಿನ ಮಾತಲ್ಲ, ಈ ಕೆಲಸವನ್ನು ನನ್ನ ಕೈಯಾರೆ ಮಾಡಬೇಕು ಅನ್ನುವ ಆಸೆ ಮೊದಲಿಂದ ಇತ್ತು. ಹಗಲೆಲ್ಲ ಕಂಪ್ಯೂಟರ್ ಪರದೆಯ ಮೇಲೆ ಕಾರಿನ ಭಾಗಗಳನ್ನು ನೋಡುವವನಿಗೆ ನಿಜವಾದ ಬೋಲ್ಟ್ ಬಿಚ್ಚುವ ಸುಖವೇ ಬೇರೆ.

ಕ್ಲಚ್ ಇರುವುದು ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ. ಅದನ್ನು ಮುಟ್ಟಬೇಕಾದರೆ ಎರಡನ್ನೂ ಬೇರೆ ಮಾಡಲೇಬೇಕು. ಈ ಕಾರಿನ ವಿಶೇಷ ಏನು ಗೊತ್ತಾ? ಎಷ್ಟೋ ಕಾರುಗಳಲ್ಲಿ ಗೇರ್ ಬಾಕ್ಸನ್ನು ಕೆಳಗಿನಿಂದ ಇಳಿಸಬೇಕು. ಇದೇ ಕಾಲದ ಎಂಜಿಬಿ ಕಾರಿನಲ್ಲಿ ಕ್ಲಚ್ ಬದಲಾಯಿಸಲು ಎಂಜಿನ್ನನ್ನೇ ಮೇಲಕ್ಕೆ ಎತ್ತಿ ತೆಗೆಯಬೇಕು. ಸ್ಪಿಟ್‌ಫೈರ್‌ನಲ್ಲಿ ಹಾಗಲ್ಲ. ಸೀಟು ಬಿಚ್ಚಿ, ಡ್ಯಾಶ್‌ಬೋರ್ಡಿನ ಮಧ್ಯದ ಆಧಾರ ಬಿಚ್ಚಿ, ಗೇರ್ ಬಾಕ್ಸಿನ ಮೇಲಿನ ಮುಚ್ಚಳ ಎತ್ತಿದರೆ ಇಡೀ ಗೇರ್ ಬಾಕ್ಸ್ ಕಾರಿನ ಒಳಗೇ ಕಣ್ಣೆದುರು ಕೂತಿರುತ್ತದೆ. ಅದನ್ನು ಹಿಂದಕ್ಕೆ ಎಳೆದು, ಪಕ್ಕದ ಸೀಟಿನ ಜಾಗಕ್ಕೆ ಹೊರಳಿಸಿ, ಬಾಗಿಲಿನಿಂದ ಆಚೆ ತರುವುದು. ಹೆರಾಲ್ಡ್‌ನಲ್ಲೂ ಇದೇ ಕ್ರಮ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಊರಿನಲ್ಲಿ ಯಾರ ಶೆಡ್ಡಿನಲ್ಲಾದರೂ ಅಪ್ಪನ ಕಾಲದ ಹೆರಾಲ್ಡ್ ಧೂಳು ಹಿಡಿದು ನಿಂತಿದ್ದರೆ, ಕ್ಲಚ್ ಹೋಯಿತು ಅಂತ ಅದನ್ನು ಗುಜರಿಗೆ ಹಾಕಬೇಡಿ. ಪಿಟ್ ಬೇಡ, ಲಿಫ್ಟ್ ಬೇಡ, ಮನೆಯ ಅಂಗಳ ಸಾಕು.

ಜೊತೆಗೆ ಇನ್ನೊಬ್ಬರು ಮಾತ್ರ ಬೇಕೇ ಬೇಕು. ನನಗೆ ಸಿಕ್ಕಿದವರು ಪಕ್ಕದ ಬೀದಿಯ ಹಿರಿಯರು. ಹರೆಯದಲ್ಲಿ ಕ್ಯಾನ್ಲಿಯಲ್ಲೇ ಕೆಲಸ ಮಾಡಿದವರು. ಮಂಡಿ ನೋವಿದ್ದರೂ ನೆಲಕ್ಕೊಂದು ದಿಂಬು ಹಾಕಿಕೊಂಡು ಕೂತುಬಿಟ್ಟರು.

ಬಿಚ್ಚುವ ಕೆಲಸದಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಬ್ಯಾಟರಿ ವೈರ್ ತೆಗೆದು, ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ನಾಲ್ಕು ಬೋಲ್ಟ್, ಸ್ಪೀಡೋಮೀಟರ್ ಕೇಬಲ್, ಓವರ್‌ಡ್ರೈವ್ (ಗೇರ್ ಬಾಕ್ಸಿನ ಹಿಂದೆ ಜೋಡಿಸಿದ ಹೆಚ್ಚುವರಿ ಗೇರ್) ವೈರು, ಸೆಲ್ಫ್ ಮೋಟರ್ ಬಿಚ್ಚಬೇಕು. ಪೆಡಲ್ ತುಳಿದಾಗ ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರನ್ನು ಪೈಪ್ ಸಮೇತ ಹೊರಗೆಳೆದು ಪಕ್ಕಕ್ಕೆ ಕಟ್ಟಿಟ್ಟರೆ ಆಮೇಲೆ ಗಾಳಿ ತೆಗೆಯುವ ತಾಪತ್ರಯ ಇರುವುದಿಲ್ಲ. ಎಂಜಿನ್ನಿನ ಹಿಂಭಾಗದ ಭಾರವನ್ನು ಹೊರುವುದು ಗೇರ್ ಬಾಕ್ಸಿನ ಮೌಂಟಿಂಗ್. ಹಾಗಾಗಿ ಅದನ್ನು ಬಿಚ್ಚುವ ಮೊದಲು ಸಂಪ್ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ) ಕೆಳಗೆ ಮರದ ತುಂಡು ಇಟ್ಟು ಜ್ಯಾಕ್ ಕೊಡಬೇಕು.

ಇಲ್ಲಿ ಒಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ಗೇರ್ ಬಾಕ್ಸಿನ ಮುಂದೆ ಕ್ಲಚ್ಚನ್ನು ಮುಚ್ಚಿಕೊಂಡಿರುವ ಬೆಲ್ ಹೌಸಿಂಗ್ ಒಳಗೆ ಕಪ್ಪು ಪುಡಿ ತುಂಬಿರುತ್ತದೆ. ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಬ್ರಿಟನ್ನಿನಲ್ಲಿ ಅದನ್ನು ಪೂರ್ತಿ ನಿಷೇಧಿಸಿದ್ದೇ 1999ರಲ್ಲಿ. ಆ ಪುಡಿ ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳಬಹುದು. ನಮ್ಮ ಕಡೆ ಗ್ಯಾರೇಜುಗಳಲ್ಲಿ ಹುಡುಗರು ಕಂಪ್ರೆಸರ್ ಗಾಳಿ ಹೊಡೆದು ಸುಮ್ನೆ ಊದಿಬಿಡುತ್ತಾರೆ. ಬೇಡ. ಒಳ್ಳೆಯ ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ.

ಹಳೆಯ ಪ್ಲೇಟು ರಿವೆಟ್ಟಿನ ತನಕ ಸವೆದಿತ್ತು. ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ತುಳಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್, ಈ ಮೂರನ್ನೂ ಒಟ್ಟಿಗೇ ಬದಲಾಯಿಸಿದೆ. ಬೇರಿಂಗ್ ಚೆನ್ನಾಗಿಯೇ ಇದೆ ಅನ್ನಿಸಿದರೂ ಉಳಿಸಿಕೊಳ್ಳಬಾರದು. ಅದೊಂದಕ್ಕೋಸ್ಕರ ಇಷ್ಟೆಲ್ಲ ಮತ್ತೆ ಬಿಚ್ಚುವುದು ಯಾರಿಗೆ ಬೇಕು? ಕ್ರ್ಯಾಂಕ್ (ಎಂಜಿನ್ನಿನ ಒಳಗೆ ತಿರುಗುವ ಮುಖ್ಯ ಶಾಫ್ಟ್) ತುದಿಯಲ್ಲಿರುವ ಸಣ್ಣ ಕಂಚಿನ ಬುಷ್ ಕೂಡ ಹೊಸದು ಹಾಕಿದೆ. ಗೇರ್ ಬಾಕ್ಸ್ ಶಾಫ್ಟಿನ ಮೂತಿ ಕೂರುವುದು ಅದರಲ್ಲೇ.

ಕ್ಲಚ್ ಕೆಲಸಕ್ಕೆ ಕೈ ಹಾಕುವ ಮೊದಲು ನೋಡಲೇಬೇಕಾದ ಇನ್ನೊಂದು ಜಾಗ ಇದೆ. ಈ ವಂಶದ ಎಂಜಿನ್ನುಗಳ ದೊಡ್ಡ ದೌರ್ಬಲ್ಯ ಥ್ರಸ್ಟ್ ವಾಷರ್. ಕ್ಲಚ್ ತುಳಿದಾಗಲೆಲ್ಲ ಆ ಒತ್ತಡ ಕ್ರ್ಯಾಂಕನ್ನು ಮುಂದಕ್ಕೆ ತಳ್ಳುತ್ತದೆ. ಅದನ್ನು ತಡೆದು ನಿಲ್ಲಿಸುವುದು ಹಿಂದಿನ ಮೇನ್ ಬೇರಿಂಗ್ ಹತ್ತಿರ ಇರುವ ಅರ್ಧಚಂದ್ರದ ಆಕಾರದ ತೆಳು ವಾಷರುಗಳು. ಅವು ಸವೆದು ಸವೆದು ಕೊನೆಗೆ ಸಂಪಿಗೆ ಬಿದ್ದರೆ ಕ್ರ್ಯಾಂಕ್ ನೇರ ಬ್ಲಾಕಿಗೇ ಉಜ್ಜುತ್ತದೆ. ಅಲ್ಲಿಗೆ ಎಂಜಿನ್ ಕಥೆ ಮುಗಿಯಿತು. ಪರೀಕ್ಷೆ ಸುಲಭ. ಒಬ್ಬರು ಕ್ಲಚ್ ತುಳಿದು ಬಿಡಬೇಕು, ಇನ್ನೊಬ್ಬರು ಮುಂದಿನ ಪುಲ್ಲಿಯನ್ನು ನೋಡಬೇಕು. ಪುಲ್ಲಿ ಹಿಂದೆ ಮುಂದೆ ಆಡುವುದು ಕಣ್ಣಿಗೇ ಕಂಡರೆ ಮೊದಲು ಸಂಪ್ ಬಿಚ್ಚಿ ವಾಷರ್ ಹಾಕಿ, ಕ್ಲಚ್ ಆಮೇಲೆ. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿಕೊಂಡೇ ಕಾಯುವ ಅಭ್ಯಾಸವನ್ನೂ ಬಿಡಿ. ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆಯಿರಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹೆರಾಲ್ಡ್ ಓಡಿಸುವವರಿಗೆ ಇದು ಇನ್ನೂ ಮುಖ್ಯ, ಅಲ್ವಾ?

ಹೊಸ ಪ್ಲೇಟು ಕ್ರ್ಯಾಂಕಿನ ತುದಿಯ ಭಾರದ ಚಕ್ರ, ಅಂದರೆ ಫ್ಲೈವೀಲಿನ ನಡುಮಧ್ಯಕ್ಕೆ ಕೂರಬೇಕು. ಅದಕ್ಕೊಂದು ಪ್ಲಾಸ್ಟಿಕ್ ಅಲೈನ್‌ಮೆಂಟ್ ಟೂಲ್ ಸಿಗುತ್ತದೆ. ಹಳೆಯ ಗೇರ್ ಬಾಕ್ಸ್ ಶಾಫ್ಟ್ ಇದ್ದರೆ ಅದೂ ಆದೀತು. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಹೋಗಬೇಕು. ಒಂದೇ ಕಡೆ ಪೂರ್ತಿ ಬಿಗಿದರೆ ಪ್ರೆಷರ್ ಪ್ಲೇಟ್ ಸೊಟ್ಟಗಾಗುತ್ತದೆ. ಪ್ಲೇಟು ಕೂರುವ ಶಾಫ್ಟಿನ ಹಲ್ಲುಗೆರೆಗಳಿಗೆ (ಸ್ಪ್ಲೈನ್) ಗ್ರೀಸು ಸವರಿದ್ದು ಕಂಡೂ ಕಾಣದಷ್ಟು. ಜಾಸ್ತಿಯಾದರೆ ಅದು ಹಾರಿ ಪ್ಲೇಟಿಗೆ ಬೀಳುತ್ತದೆ, ಕ್ಲಚ್ ಮತ್ತೆ ಜಾರುತ್ತದೆ.

ಆಮೇಲೆ ಗೇರ್ ಬಾಕ್ಸ್ ಕೂರಿಸುವುದು. ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಇದೇ. ಓವರ್‌ಡ್ರೈವ್ ಸೇರಿ ಒಬ್ಬರೇ ಎತ್ತಿ ಹಿಡಿಯುವ ಭಾರವಲ್ಲ. ಶಾಫ್ಟಿನ ತುದಿ ಕ್ಲಚ್ ಪ್ಲೇಟಿನ ಒಳಗೆ ಹೊಕ್ಕ ಮೇಲೆ ಒಂದು ಕ್ಷಣವೂ ಆ ಭಾರ ಅದರ ಮೇಲೆ ತೂಗಬಾರದು, ಪ್ಲೇಟು ಬಾಗಿಬಿಡುತ್ತದೆ. ಹಿರಿಯರು ಎರಡು ಉದ್ದನೆಯ ಬೋಲ್ಟುಗಳ ತಲೆ ಕತ್ತರಿಸಿ ತಂದಿದ್ದರು. ಅವನ್ನು ಎಂಜಿನ್ನಿನ ಹಿಂದಿನ ತೂತುಗಳಿಗೆ ತಿರುಗಿಸಿದರೆ ಗೇರ್ ಬಾಕ್ಸ್ ಅವುಗಳ ಮೇಲೆ ಕೂತು ನೇರವಾಗಿ ಜಾರುತ್ತದೆ.

ಜಾರಿತು. ಕೊನೆಯ ಅರ್ಧ ಇಂಚಿಗೆ ನಿಂತುಬಿಟ್ಟಿತು. ಬೋಲ್ಟ್ ಹಾಕಿ ಎಳೆದುಬಿಡೋಣ ಅಂತ ಎಂಥವರಿಗೂ ಅನ್ನಿಸುವ ಹೊತ್ತು ಅದು. ಹಿರಿಯರು ಸ್ಪ್ಯಾನರ್ ಮೇಲೆ ಕೈ ಅಡ್ಡ ಇಟ್ಟರು. "ಎಳೆಯಬೇಡ, ಅದಾಗಿ ಅದೇ ಬರಬೇಕು" ಅಂದರು. ಎಳೆದರೆ ಬೆಲ್ ಹೌಸಿಂಗಿನ ಕಿವಿಗಳೇ ಬಿರುಕು ಬಿಡುತ್ತವಂತೆ. ಟಾಪ್ ಗೇರ್ ಹಾಕಿ, ಗೇರ್ ಬಾಕ್ಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟ್ ಕೂರುವ ಫ್ಲ್ಯಾಂಜನ್ನು ಬೆರಳಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಗಿಸಿದರು. ನಾನು ಕೆಳಗೆ ಜ್ಯಾಕನ್ನು ಇಷ್ಟೇ ಇಷ್ಟು ಏರಿಸಿದೆ. ಎಂಜಿನ್ನಿಗೂ ಬೆಲ್ ಹೌಸಿಂಗಿಗೂ ನಡುವಿನ ಸಂದು ಸುತ್ತಲೂ ಒಂದೇ ಸಮ ಇದೆಯಾ ಅಂತ ಬೆರಳಿನಲ್ಲೇ ಸವರಿ ನೋಡಿದರು. ಮತ್ತೆ ತಿರುಗಿಸಿದರು. ಠಕ್ ಅಂತ ಸದ್ದಾಯಿತು, ಸಂದು ಮುಚ್ಚಿಕೊಂಡಿತು. ಕ್ಯಾನ್ಲಿ ಮುಚ್ಚಿ ನಾಲ್ಕು ದಶಕದ ಮೇಲಾದರೂ ಆ ಬೆರಳುಗಳು ಏನನ್ನೂ ಮರೆತಿರಲಿಲ್ಲ. ರಿಪೇರಿ ಪುಸ್ತಕದಲ್ಲಿ ಈ ಭಾಗಕ್ಕೆ ಒಂದೇ ಸಾಲು: ಬಿಚ್ಚಿದ ಕ್ರಮವನ್ನೇ ತಿರುಗಾ ಮಾಡಿ ಅಂತ!

ಉಳಿದದ್ದು ಬೇಗ ಮುಗಿಯಿತು. ಪ್ರೊಪೆಲ್ಲರ್ ಶಾಫ್ಟಿಗೆ ಹೊಸ ಲಾಕ್ ನಟ್ಟುಗಳು, ಗೇರ್ ಬಾಕ್ಸಿಗೆ ಜಿಎಲ್-4 ದರ್ಜೆಯ ಗೇರ್ ಎಣ್ಣೆ. ಮುಚ್ಚಳದ ಅಂಚಿಗೆ ಸುತ್ತಲೂ ಸ್ಪಂಜಿನ ಪಟ್ಟಿ ಅಂಟಿಸಿದೆವು. ಇಲ್ಲದಿದ್ದರೆ ಎಂಜಿನ್ನಿನ ಬಿಸಿಗಾಳಿ, ಎಣ್ಣೆಯ ವಾಸನೆ ಎಲ್ಲ ಒಳಗೆ ಬರುತ್ತದೆ.

40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರುಗಳಿಗೆ ಇಲ್ಲಿ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಕಾರು ರಸ್ತೆಗೆ ಯೋಗ್ಯವಾಗಿರಬೇಕಾದ ಹೊಣೆ ಮಾಲೀಕನದ್ದೇ. ನಾನಂತೂ ತಪಾಸಣೆ ಮಾಡಿಸಿಯೇ ಕಾರನ್ನು ಕೆನಿಲ್‌ವರ್ತ್ ಕಡೆಗೆ ಓಡಿಸಿದೆ. ಕ್ಲಚ್ ಈಗ ಬೆಣ್ಣೆಯ ಹಾಗೆ ಹಿಡಿಯುತ್ತದೆ. ಹೊಸ ಪ್ಲೇಟು ಹೊಂದಿಕೊಳ್ಳುವ ತನಕ ಮೆತ್ತಗೆ ಓಡಿಸುತ್ತಿದ್ದೇನೆ. ಹಿರಿಯರ ಗ್ಯಾರೇಜಿನಲ್ಲೂ ಒಂದು ಹೆರಾಲ್ಡ್ ಇದೆ, ಅದರ ಕ್ಲಚ್ಚೂ ಕೊನೆಗೆ ಬಂದಿದೆಯಂತೆ. ಬಿಸಿಲು ಇರುವಾಗಲೇ ಅದನ್ನೂ ಮುಗಿಸಬೇಕು. ಆ ಸಲ ಕಾರಿನ ಒಳಗೆ ಕೂತು ಫ್ಲ್ಯಾಂಜ್ ತಿರುಗಿಸುವ ಕೆಲಸ ನಿನ್ನದು ಅಂತ ನನಗೆ ಈಗಾಗಲೇ ಹೇಳಿದ್ದಾರೆ.