ಹಳೆ ಮಾನಿಟರ್‌ಗೆ ಬಣ್ಣ ಹಚ್ಚುವ ಮುಂಚೆ ಒಳಗಡೆ ನೋಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಹೋದ ಮೇ ತಿಂಗಳಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವ ಹಿರಿಯರೊಬ್ಬರು 15 ಇಂಚಿನ ಹಳೆ ಮಾನಿಟರ್ ಹೊತ್ತು ತಂದರು. ಪಿಕ್ಚರ್ ಟ್ಯೂಬ್ ಇರುವ, ಹಿಂದೆ ಡುಬ್ಬದಂಥದ್ದು. ಅವರು ಮದುವೆ ಕಾರ್ಡು ಕಂಪೋಸ್ ಮಾಡುವುದನ್ನು ಕಲಿತದ್ದೇ ಅದರ ಮುಂದೆ ಕೂತು. ಚಿತ್ರ ಇನ್ನೂ ಚೆನ್ನಾಗಿ ಬರುತ್ತಿತ್ತು. ಕ್ಯಾಬಿನೆಟ್ ಮಾತ್ರ ಹಳದಿ ತಿರುಗಿ, ಗೀರು ಬಿದ್ದು ಹಾಳಾಗಿತ್ತು.

"ಇದನ್ನ ಮಾರಂಗಿಲ್ಲ ತಮ್ಮಾ. ಇದು ನಾ ಉಂಡ ಗಂಗಾಳ. ಪ್ರೆಸ್ಸಿನಾಗ ಮುಂದ ಇಡ್ತೀನಿ, ಛಲೋ ಬಣ್ಣ ಹಚ್ಚಿ ಕೊಡು" ಅಂದರು.

ಈ ಹಳದಿ ಕೊಳೆಯಲ್ಲ, ತಿಕ್ಕಿದರೆ ಹೋಗುವುದಿಲ್ಲ. ಬೇಗ ಬೆಂಕಿ ಹತ್ತಬಾರದು ಅಂತ ಆ ಕಾಲದ ಪ್ಲಾಸ್ಟಿಕ್‌ಗೆ ಬ್ರೋಮಿನ್ ಇರುವ ರಾಸಾಯನಿಕ ಬೆರೆಸುತ್ತಿದ್ದರು. ಬಿಸಿಲಿನ ನೇರಳಾತೀತ ಕಿರಣ ವರ್ಷಗಟ್ಟಲೆ ಬಿದ್ದರೆ ಅದೂ ಪ್ಲಾಸ್ಟಿಕ್ಕೂ ಕೆಟ್ಟು ಬಣ್ಣ ತಿರುಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ ನಿಜ, ಆದರೆ ಗೀರು ಹೋಗುವುದಿಲ್ಲವಲ್ಲ. ಹಾಗಾಗಿ ಬಣ್ಣವೇ ಸರಿ ಅಂದುಕೊಂಡೆ.

ಪಿಕ್ಚರ್ ಟ್ಯೂಬ್ ಕೆಲಸ ಗೊತ್ತಿಲ್ಲದವರು ದಯವಿಟ್ಟು ಇಂಥ ಮಾನಿಟರ್ ಬಿಚ್ಚಬೇಡಿ. ಟ್ಯೂಬಿನ ಮೇಲಿನ ರಬ್ಬರ್ ಕ್ಯಾಪಿನ ಕೆಳಗೆ 20 ಸಾವಿರ ವೋಲ್ಟ್‌ಗೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅಲ್ಲಿ ಚಾರ್ಜ್ ಉಳಿದಿರುತ್ತದೆ. ನಾನು ಮೊದಲು ಆ ಚಾರ್ಜನ್ನು ಟ್ಯೂಬಿನ ಅರ್ತ್ ತಂತಿಗೆ ಇಳಿಸಿ, ಆಮೇಲೆಯೇ ಕ್ಯಾಬಿನೆಟ್ ಬೇರೆ ಮಾಡಿದೆ.

ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಮುಂದಿನ ಫ್ರೇಮಿನ ಮೂಲೆಯಲ್ಲಿ ಹಳೆ ಸ್ಟಿಕ್ಕರಿನ ಗೋಂದು ಅಂಟಿಕೊಂಡಿತ್ತು. ಸಿಪಿಯುವಿನ ತಗಡಿನ ಡಬ್ಬ ಒರೆಸಿ ರೂಢಿಯಾದ ಕೈ. ಅದೇ ಥಿನ್ನರ್ ಬಾಟಲಿ ತೆಗೆದು, ಬಟ್ಟೆ ನೆನೆಸಿ ಒತ್ತಿ ತಿಕ್ಕಿದೆ. ಎರಡನೇ ಸಲ ಕೈ ಆಡಿಸುವಾಗ ಬಟ್ಟೆ ಹಿಡಿದುಕೊಂಡಿತು. ಎಳೆದರೆ ಬೆಲ್ಲದ ಪಾಕದ ಹಾಗೆ ಸಣ್ಣ ಎಳೆ ಎದ್ದಿತು. ಬಟ್ಟೆಯ ನೇಯ್ಗೆ ಹಾಗೇ ಪ್ಲಾಸ್ಟಿಕ್ ಮೇಲೆ ಅಚ್ಚು ಬಿದ್ದಿತ್ತು. ಮರುದಿನ ನೋಡಿದರೆ ಹತ್ತಿರದ ಸ್ಕ್ರೂ ತೂತಿನ ಸುತ್ತ ಕೂದಲೆಳೆಯಂಥ ಬಿರುಕು.

ನನಗೆ ಜಾಸ್ತಿ ನೋವಾಗಿದ್ದು ಇನ್ನೊಂದು ಕಾರಣಕ್ಕೆ. ಫ್ರೇಮ್ ತಿರುಗಿಸಿದಾಗ ಒಳಗಡೆ 'ಎಬಿಎಸ್' ಅಂತ ಮೂರು ಇಂಗ್ಲಿಷ್ ಅಕ್ಷರ ಎದ್ದು ಕಾಣುತ್ತಿತ್ತು. ಯಾವ ಪ್ಲಾಸ್ಟಿಕ್ ಅಂತ ಕಂಪನಿಯವರೇ ಅಚ್ಚು ಹಾಕಿರುತ್ತಾರೆ. ಎಬಿಎಸ್ ಅನ್ನು ಥಿನ್ನರ್ ಕರಗಿಸುತ್ತದೆ, ಅಸಿಟೋನ್ ಕೂಡ. ಒರೆಸುವ ಮುಂಚೆ ಒಂದು ಸಲ ತಿರುಗಿಸಿ ನೋಡಿದ್ದರೆ ಸಾಕಿತ್ತು.

ಅವತ್ತೇ ಫೋನ್ ಮಾಡಿದೆ. "ಕಾಕಾ, ತಪ್ಪು ನಂದಾಗ್ಯಾದರಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಟ್ಯೂಬಿಗೇನೂ ಆಗಿಲ್ಲಲ್ಲ? ಮಾಡು" ಅಂದರು.

ರಿಂಗ್ ರಸ್ತೆಯಲ್ಲಿ ಗಾಡಿಗೆ ಪೇಂಟ್ ಹೊಡೆಯುವ ಚಾಚಾ ಒಬ್ಬರಿದ್ದಾರೆ. ಫ್ರೇಮ್ ಅವರ ಹತ್ತಿರ ಒಯ್ದೆ. ಉಗುರಿನಿಂದ ಕೆರೆದು ನೋಡಿ, "ಎರಡು ದಿನ ಮುಟ್ಟಬ್ಯಾಡ ಬೇಟಾ, ಗಟ್ಟಿ ಆಗ್ಲಿ" ಅಂದರು. ಆಮೇಲೆ ಅವರು ಹೇಳಿದಂತೆ 320ರ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ, ಹಚ್ಚಿ ಅಚ್ಚು ಇಳಿಸಿದೆ. ತೆಳ್ಳಗೆ ಪುಟ್ಟಿ ಎಳೆದೆ, ಅದಕ್ಕಿಂತ ನಯವಾದ 600ರ ಪೇಪರಿನಲ್ಲಿ ನುಣುಪು ಮಾಡಿದೆ. ಸರ್ಫ್ ನೀರಲ್ಲಿ ತೊಳೆದು ಒಣಗಿಸಿದೆ. ಈ ಸಲ ಒರೆಸಿದ್ದು ಮೊಬೈಲ್ ಬೋರ್ಡ್ ತೊಳೆಯುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿದ ಬಟ್ಟೆಯಲ್ಲಿ, ಅದೂ ಮೊದಲು ಒಳಗಿನ ಮೂಲೆಯಲ್ಲಿ ಹಚ್ಚಿ ನೋಡಿ. ಮೇಲೆ, ಬಣ್ಣ ಗಟ್ಟಿಯಾಗಿ ಹಿಡಿಯಲಿ ಅಂತ ಮೊದಲು ಹೊಡೆಯುವ ಪ್ಲಾಸ್ಟಿಕ್ ಪ್ರೈಮರ್.

ಬಣ್ಣ ಹೊಂದಿಸಲು ಹೊರಗಿನ ಹಳದಿ ನೋಡಿದರೆ ಮೋಸ ಹೋಗುತ್ತೀರಿ. ಹಿಂದಿನ ಕವರಿನ ಒಳಮೈಗೆ ಬಿಸಿಲು ತಾಗಿರುವುದಿಲ್ಲ, ಅಲ್ಲಿ ಹುಟ್ಟಿದಾಗಿನ ಬಣ್ಣ ಹಾಗೇ ಉಳಿದಿರುತ್ತದೆ. ಆ ಕವರನ್ನೇ ಪೇಂಟ್ ಅಂಗಡಿಗೆ ಒಯ್ದು ಡಬ್ಬಿ ಆರಿಸಿದೆ.

ನಮ್ಮೂರ ಮೇ ತಿಂಗಳ ಬಿಸಿಲು ಗೊತ್ತಲ್ಲ. ಮಧ್ಯಾಹ್ನ ಸ್ಪ್ರೇ ಮಾಡಿದರೆ ಬಣ್ಣದ ಹನಿ ಗಾಳಿಯಲ್ಲೇ ಒಣಗಿ ರವೆ ಉದುರಿದ ಹಾಗೆ ಕೂರುತ್ತದೆ. ಅದಕ್ಕೇ ಬೆಳಿಗ್ಗೆ ಆರಕ್ಕೆ, ಗಾಳಿ ಏಳುವ ಮುಂಚೆ, ಮಾಳಿಗೆ ಮೇಲೆ ಹೊಡೆದೆ. ಒಂದು ಗೇಣಿಗಿಂತ ಸ್ವಲ್ಪ ದೂರದಿಂದ, ಕೈ ಎಲ್ಲೂ ನಿಲ್ಲಿಸದೆ. ಮೊದಲ ಕೋಟಿನಲ್ಲಿ ಪ್ರೈಮರ್ ಇಣುಕುತ್ತಿರಬೇಕು. ಹದಿನೈದು ನಿಮಿಷ ಬಿಟ್ಟು ಇನ್ನೊಂದು, ಆಮೇಲೆ ಮತ್ತೊಂದು. ಹಿಂದಿನ ಗಾಳಿಯ ಸೀಳುಗಳಲ್ಲಿ ಬಣ್ಣ ತುಂಬದಂತೆ ಓರೆಯಾಗಿ ಹೊಡೆದೆ. ಅವು ಮುಚ್ಚಿದರೆ ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ.

ವಾರ ಬಿಟ್ಟು ಜೋಡಿಸಿದೆ. ಕಾಕಾ ಬಂದು ಮೇಲಿಂದ ಕೆಳಗೆ ಕೈಯಾಡಿಸಿದರು. ಎಡಮೂಲೆಗೆ ಬಂದಾಗ ಹೆಬ್ಬೆರಳು ನಿಂತಿತು. ಬೆಳಕು ಓರೆಯಾಗಿ ಬಿದ್ದರೆ ಅಲ್ಲಿ ಈಗಲೂ ಸಣ್ಣ ತಗ್ಗು ಕಾಣುತ್ತದೆ. ಅವರು ಏನೂ ಅನ್ನಲಿಲ್ಲ. ಪ್ಲಗ್ ಹಾಕಿ ಪರದೆ ಹತ್ತಿದ ಮೇಲೆ, "ಆಟೋ ಕರಿ ತಮ್ಮಾ" ಅಂದರು. ಬಣ್ಣದ ಡಬ್ಬಿಯ ದುಡ್ಡು ಮಾತ್ರ ತೆಗೆದುಕೊಂಡೆ, ಮಜೂರಿ ಕೇಳಲಿಲ್ಲ.