ಗಾಳಿಯ ಪ್ರೆಶರೋ, ಎಣ್ಣೆಯ ಪ್ರೆಶರೋ: ನನ್ನ ಎಂ35ಎ2 ಟ್ರಕ್ಕಿನ ಬ್ರೇಕ್ ಕೆಲಸ

ಮೊದಲ ಶನಿವಾರ

ಬ್ರೇಕ್ ಸರಿಹೋಗುವ ತನಕ ಟ್ರಕ್ ಶೆಡ್ಡಿನಿಂದ ಹೊರಗೆ ಬರುವುದಿಲ್ಲ. ಹೋದ ಭಾನುವಾರ ಒಂದು ಸುತ್ತು ಹಾಕಿ ವಾಪಸ್ ಬರುವಾಗ ಡ್ಯಾಶ್‌ಬೋರ್ಡಿನ ಬಜರ್ ಕೂಗಿತು. ಏರ್ ಮೀಟರಿನ ಮುಳ್ಳು 60 ಪಿಎಸ್‌ಐ (ಒತ್ತಡದ ಅಳತೆ) ಹತ್ತಿರ ಇಳಿದಿತ್ತು. ಮನೆ ಹತ್ತಿರವೇ ಇದ್ದುದರಿಂದ ಲೋ ಗೇರಿನಲ್ಲಿ ಮೆಲ್ಲಗೆ ತಂದು ನಿಲ್ಲಿಸಿದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಈ ಟ್ರಕ್ಕಿನ ಪರಿಚಯ ಇಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದು ಅಮೆರಿಕದ ಸೈನ್ಯದ ಎರಡೂವರೆ ಟನ್ ಟ್ರಕ್. ಆರು ಗಾಲಿಗೂ ಎಂಜಿನ್ನಿನ ಎಳೆತ ಸಿಗುತ್ತದೆ. ನನ್ನದು 1968ರದ್ದು. ಇಂಡಿಯಾನಾದ ಸೌತ್ ಬೆಂಡ್ ಊರಿನಲ್ಲಿ ಆಗಿದ್ದು. ಅಲ್ಲಿ ಸ್ಟುಡಿಬೇಕರ್ ಕಂಪನಿಯ ಕಾರ್ಖಾನೆಯನ್ನು ಕೈಸರ್ ಜೀಪ್ 1964ರಲ್ಲಿ ಕೊಂಡುಕೊಂಡಿತ್ತು. ನಾನಿರುವುದೂ ಇಂಡಿಯಾನಾದಲ್ಲೇ, ಹಾಗಾಗಿ ಗಾಡಿ ಹುಟ್ಟಿದ ಊರು ಇಲ್ಲಿಂದ ದೂರ ಇಲ್ಲ. ಖಾಲಿ ಇದ್ದಾಗಲೇ ತೂಕ ಹೆಚ್ಚುಕಮ್ಮಿ ಆರು ಟನ್. ಆರು ಟನ್ ನಿಲ್ಲಿಸಬೇಕು ಅನ್ನುವುದನ್ನು ಮರೆಯದೆ ಮುಂದಿನದನ್ನು ಓದಿ.

ಇವತ್ತು ಎಂಜಿನ್ ಓಡಿಸಿ 115 ಪಿಎಸ್‌ಐ ತನಕ ಏರ್ ಹಿಡಿಸಿದೆ. ಆಮೇಲೆ ಎಂಜಿನ್ ಆಫ್ ಮಾಡಿ ಗಡಿಯಾರ ನೋಡಿದೆ. 20 ನಿಮಿಷಕ್ಕೆ 70. ಊಟ ಮುಗಿಸಿ ಬಂದಾಗ ಸೊನ್ನೆ. ಏರ್ ಲೀಕ್ ಇದೆ ಅನ್ನುವುದು ಖಾತ್ರಿಯಾಯಿತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅವರು ಹಾಸನ ಡಿಪೋದಲ್ಲಿ ಬಸ್ಸು ರಿಪೇರಿ ಮಾಡುತ್ತಿದ್ದವರು. ಬಜರ್ ಕೂಗಿದ್ದು, ಪೆಡಲ್ ಗಟ್ಟಿಯಾಗಿದ್ದು, ಬ್ರೇಕ್ ಆಯಿಲ್ ತಿಂಗಳಿಗೊಮ್ಮೆ ಹಾಕಬೇಕಾಗುತ್ತಿರುವುದು, ಎಲ್ಲಾ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಪ್ರೆಶರ್ ಹೋಗ್ತದೆ ಅಂತೀಯಲ್ಲ, ಯಾವ ಪ್ರೆಶರಪ್ಪಾ? ಗಾಳೀದೋ, ಎಣ್ಣೇದೋ?"

ನಾನು ಇಷ್ಟು ದಿನ ಎರಡನ್ನೂ ಒಂದೇ ಕಾಯಿಲೆ ಅಂತ ನೋಡುತ್ತಿದ್ದೆ.

ಅಪ್ಪ ಕೆಲಸ ಮಾಡಿದ ಬಸ್ಸುಗಳಲ್ಲಿ ಪೂರ್ತಿ ಏರ್ ಬ್ರೇಕ್. ಪೆಡಲ್ ಒತ್ತಿದರೆ ಗಾಳಿಯೇ ಗಾಲಿಯ ತನಕ ಹೋಗುತ್ತದೆ. ಎಂ35ಎ2ದಲ್ಲಿ ಹಾಗಲ್ಲ. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರಿನಿಂದ ಎಣ್ಣೆ ಹೊರಡುತ್ತದೆ. ಕ್ಯಾಬಿನ ಕೆಳಗೆ ಚಾಸಿಗೆ ಕೂರಿಸಿದ ಏರ್‌ಪ್ಯಾಕ್ ಅನ್ನುವ ಉದ್ದ ಸಿಲಿಂಡರಿಗೆ ಆ ಎಣ್ಣೆ ಬರುತ್ತದೆ. ಎಣ್ಣೆಯ ಒತ್ತಡಕ್ಕೆ ಅಲ್ಲೊಂದು ವಾಲ್ವ್ ತೆರೆದುಕೊಂಡು ಟ್ಯಾಂಕಿನ ಗಾಳಿ ಒಳಗೆ ನುಗ್ಗುತ್ತದೆ. ಗಾಳಿ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಎಣ್ಣೆಯನ್ನು ಇನ್ನೂ ಜೋರಾಗಿ ಆರೂ ಗಾಲಿಗಳ ವೀಲ್ ಸಿಲಿಂಡರಿಗೆ, ಅಂದರೆ ಗಾಲಿಯೊಳಗೆ ಬ್ರೇಕ್ ಒತ್ತುವ ಸಣ್ಣ ಸಿಲಿಂಡರಿಗೆ, ತಳ್ಳುತ್ತದೆ. ಗಾಳಿ ಇಲ್ಲದಿದ್ದರೂ ಪೆಡಲ್ ಕೆಲಸ ಮಾಡುತ್ತದೆ, ಆದರೆ ಕಾಲಿನ ಬಲ ಎಷ್ಟೋ ಅಷ್ಟೇ. ಗಾಳಿ ಎಷ್ಟಿದ್ದರೂ ಎಣ್ಣೆ ಹೋದರೆ ಏನೂ ಇಲ್ಲ. ಯಾಕೆಂದರೆ ಎಣ್ಣೆಯ ಲೈನು ಒಂದೇ. ಈಗಿನ ಗಾಡಿಗಳ ಹಾಗೆ ಮುಂದಕ್ಕೊಂದು, ಹಿಂದಕ್ಕೊಂದು ಅಂತ ಬೇರೆ ಬೇರೆ ಇಲ್ಲ. ಒಂದು ಹೋಸ್ ಒಡೆದರೆ ಆರೂ ಗಾಲಿಯ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಇದು ನನಗೆ ನಿಜಕ್ಕೂ ಭಯ ಹುಟ್ಟಿಸುವ ವಿಷಯ.

"ಎರಡನ್ನೂ ಒಟ್ಟಿಗೆ ಹುಡುಕಬೇಡ. ಒಂದು ಮುಗಿಸ್ಕೊಂಡು ಇನ್ನೊಂದಕ್ಕೆ ಹೋಗು" ಅಂದರು ಅಪ್ಪ.

ಎರಡನೇ ಶನಿವಾರ: ಗಾಳಿ

ಗಾಲಿಗಳಿಗೆ ಮರದ ದಿಮ್ಮಿ ಕೊಟ್ಟೆ. ಈ ಟ್ರಕ್ಕಿನಲ್ಲಿ ಏರ್ ಹೋದರೆ ಬ್ರೇಕ್ ತಾನಾಗಿ ಹಿಡಿದುಕೊಳ್ಳುವುದಿಲ್ಲ. ಹ್ಯಾಂಡ್ ಬ್ರೇಕ್ ಹಿಡಿಯುವುದು ಗಾಲಿಯನ್ನಲ್ಲ, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಎಳೆತವನ್ನು ಮುಂದಿನ, ಹಿಂದಿನ ಆಕ್ಸಲುಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಹಿಂದಿನ ಡ್ರಮ್ಮನ್ನು. ದಿಮ್ಮಿ ಇಲ್ಲದೆ ಕೆಳಗೆ ನುಸುಳಲೇಬಾರದು.

ಏರ್ ತುಂಬಿಸಿ, ಎಂಜಿನ್ ಆಫ್ ಮಾಡಿ, ಸೋಪ್ ನೀರಿನ ಬಾಟಲಿ ಹಿಡಿದು ಒಂದೊಂದೇ ಜಾಯಿಂಟ್ ನೋಡುತ್ತಾ ಹೋದೆ. ಕಂಪ್ರೆಸರ್, ಗವರ್ನರ್, ಟ್ಯಾಂಕು, ಹಿಂದೆ ಟ್ರೇಲರಿಗೆ ಹೋಗುವ ಲೈನು. ಒಂದು ಕಡೆ ಗುಳ್ಳೆ ಬಂತು, ಟ್ಯಾಂಕಿನ ತಳದ ಡ್ರೈನ್ ಕಾಕಿನಲ್ಲಿ. ಬಿಚ್ಚಿದರೆ ತುಕ್ಕಿನ ಪುಡಿ ಸಿಕ್ಕಿಕೊಂಡಿತ್ತು. ಜೊತೆಗೆ ಒಂದು ಲೋಟದಷ್ಟು ಕಂದು ನೀರು ಬಂತು. ಹಿಂದಿನ ಮಾಲೀಕರು ಟ್ಯಾಂಕಿನ ನೀರು ಬಿಟ್ಟೇ ಇರಲಿಲ್ಲ ಅಂತ ಕಾಣುತ್ತದೆ.

ಆದರೆ ದೊಡ್ಡ ಲೀಕ್ ಸಿಕ್ಕಿದ್ದು ಬ್ರೇಕಿನಲ್ಲಿ ಅಲ್ಲ, ವೈಪರಿನಲ್ಲಿ! ಈ ಟ್ರಕ್ಕಿನ ವೈಪರ್ ಓಡುವುದೂ ಅದೇ ಗಾಳಿಯಿಂದ. ಡ್ಯಾಶ್‌ಬೋರ್ಡಿನ ಹಿಂದಿನ ಸಣ್ಣ ರಬ್ಬರ್ ಹೋಸ್ ಬಿರುಕು ಬಿಟ್ಟಿತ್ತು. ಬ್ರೇಕ್ ಅಂತ ಬರೀ ಚಾಸಿ ಕೆಳಗೆ ಹುಡುಕುತ್ತಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಹೋಸ್ ಬದಲಾಯಿಸಿದೆ, ಹೊಸ ಡ್ರೈನ್ ಕಾಕ್ ಹಾಕಿದೆ. ಈಗ ಒಂದು ಗಂಟೆಗೆ 115ರಿಂದ 110. ಸಾಕು.

ಖುಷಿಯಾಗಿ ಮಗಳನ್ನು ಕರೆದು ಪೆಡಲ್ ಒತ್ತಿ ಹಿಡಿಯಲು ಹೇಳಿದೆ. ಒತ್ತಿದ ತಕ್ಷಣ ಮುಳ್ಳು ಸ್ವಲ್ಪ ಇಳಿಯಬೇಕು, ಏರ್‌ಪ್ಯಾಕಿಗೆ ಗಾಳಿ ಹೋಗುತ್ತದಲ್ವಾ? ಇಳಿದು ನಿಲ್ಲಬೇಕು. ಇಲ್ಲಿ ನಿಲ್ಲಲೇ ಇಲ್ಲ. ಕ್ಯಾಬಿನ ಕೆಳಗಿಂದ ಬುಸ್ ಅಂತ ಸದ್ದು ಬರುತ್ತಲೇ ಇತ್ತು. ಪೆಡಲ್ ಬಿಟ್ಟರೆ ಸದ್ದಿಲ್ಲ.

ಅಷ್ಟರಲ್ಲಿ ಮೇಲಿನಿಂದ ಮಗಳು ಕೂಗಿದಳು: "ಅಪ್ಪಾ, ಪೆಡಲ್ ಕೆಳಗೆ ಹೋಗ್ತಾನೇ ಇದೆ."

ಮೂರನೇ ಶನಿವಾರ: ಎಣ್ಣೆ

ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಇಳಿಯುತ್ತಿದೆ ಅಂದರೆ ಎಣ್ಣೆ ಎಲ್ಲಿಗೋ ಹೋಗುತ್ತಿದೆ. ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ಸವೆದಿದ್ದರೆ ಎಣ್ಣೆ ಕಪ್ಪನ್ನು ದಾಟಿ ವಾಪಸ್ ಡಬ್ಬಕ್ಕೇ ಬರುತ್ತದೆ. ಆಗ ಪೆಡಲ್ ಇಳಿಯುತ್ತದೆ, ಆದರೆ ಎಣ್ಣೆ ಕಮ್ಮಿಯಾಗುವುದಿಲ್ಲ. ನನ್ನಲ್ಲಿ ಕಮ್ಮಿಯಾಗುತ್ತಿದೆ. ಹಾಗಾದರೆ ಹೊರಗೆ ಸೋರಬೇಕು. ಎಲ್ಲಾ ಲೈನು, ಹೋಸು, ಆರೂ ಗಾಲಿಯ ಒಳಬದಿ ಟಾರ್ಚ್ ಹಾಕಿ ನೋಡಿದೆ. ಎಲ್ಲೂ ಹನಿ ಇಲ್ಲ.

ಉಳಿದದ್ದು ಒಂದೇ ಜಾಗ, ಗಾಳಿ ಮತ್ತು ಎಣ್ಣೆ ಅಕ್ಕಪಕ್ಕ ಇರುವ ಏರ್‌ಪ್ಯಾಕ್. ಅದರ ಗಾಳಿ ಹೊರಹೋಗುವ ಪೈಪು ಬಿಚ್ಚಿ ಕೆಳಗೆ ಬಿಳಿ ಬಟ್ಟೆ ಹಾಸಿದೆ. ಮಗಳು ನಾಲ್ಕು ಸಲ ಪೆಡಲ್ ಒತ್ತಿದಳು. ಬಟ್ಟೆ ಮೇಲೆ ನೇರಳೆ ಕಲೆ ಬಿತ್ತು. ಬ್ರೇಕ್ ಆಯಿಲ್!

ಗಾಳಿ ಪಿಸ್ಟನ್ನಿನ ಸೀಲ್ ಹೋಗಿತ್ತು, ಅದಕ್ಕೇ ಬುಸ್ ಸದ್ದು. ಎಣ್ಣೆ ಕಡೆಯ ಸೀಲೂ ಹೋಗಿತ್ತು, ಅದಕ್ಕೇ ಎಣ್ಣೆ ಗಾಳಿ ಸಿಲಿಂಡರಿಗೆ ನುಗ್ಗಿ ಕಾಣದ ಹಾಗೆ ಹೊರಗೆ ಹೋಗುತ್ತಿತ್ತು. ಕಾಯಿಲೆ ಎರಡು, ಜಾಗ ಒಂದು. ಬೇರೆ ಬೇರೆ ಮಾಡಿ ನೋಡಿದ್ದಕ್ಕೆ ಸಿಕ್ಕಿತು. ಇಲ್ಲದಿದ್ದರೆ ಸುಮ್ನೆ ಮಾಸ್ಟರ್ ಸಿಲಿಂಡರ್ ಬದಲಾಯಿಸಿ ದುಡ್ಡು ಕಳೆಯುತ್ತಿದ್ದೆ.

ಐದನೇ ಶನಿವಾರ

ಸೀಲ್ ಕಿಟ್ ಬರಲು ಒಂದು ವಾರ ಹಿಡಿಯಿತು. ಡಬ್ಬಿಯಲ್ಲಿ ಇಪ್ಪತ್ತು ವರ್ಷ ಕೂತ ಹಳೇ ಸೈನ್ಯದ ಸ್ಟಾಕಿನ ಏರ್‌ಪ್ಯಾಕ್ ಕೂಡ ಸಿಗುತ್ತದೆ. ನಾನು ಬೇಡ ಅಂದೆ. ಓಡದೆ ಕೂತರೂ ರಬ್ಬರಿಗೆ ವಯಸ್ಸಾಗುತ್ತದೆ.

ಬಿಚ್ಚಿ ನೋಡಿದರೆ ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕಿನ ಗೀರು. ಟ್ಯಾಂಕಿನ ಆ ನೀರೇ ಇಲ್ಲಿಗೂ ಬಂದಿದೆ. ತೆಳು ಎಮರಿ ಪೇಪರಿನಲ್ಲಿ ತಿಕ್ಕಿದಾಗ ಉಗುರಿಗೆ ಸಿಗದ ಹಾಗೆ ಹೋಯಿತು. ಉಗುರು ಸಿಕ್ಕಿಕೊಂಡಿದ್ದರೆ ಸಿಲಿಂಡರನ್ನೇ ಬಿಸಾಕಬೇಕಿತ್ತು.

ಎಣ್ಣೆ ವಿಷಯದಲ್ಲಿ ಒಂದು ಎಚ್ಚರಿಕೆ. ಅಮೆರಿಕದ ಸೈನ್ಯ 1980ರ ದಶಕದಲ್ಲಿ ಸಿಲಿಕೋನ್ ಬ್ರೇಕ್ ಆಯಿಲಿಗೆ, ಅಂದರೆ ಡಾಟ್ 5ಕ್ಕೆ ಬದಲಾಯಿತು. ನೇರಳೆ ಬಣ್ಣ ಅದರದ್ದೇ. ಅದಕ್ಕೆ ಡಾಟ್ 3 ಅಥವಾ ಡಾಟ್ 4 ಬೆರೆಸಬೇಡಿ, ಎರಡೂ ಬೆರೆಯುವುದಿಲ್ಲ. ಡಾಟ್ 5.1 ಅಂತ ಇನ್ನೊಂದಿದೆ, ಹೆಸರು ಹತ್ತಿರ ಇದ್ದರೂ ಅದು ಸಿಲಿಕೋನ್ ಅಲ್ಲ. ಸಿಲಿಕೋನ್ ಸಣ್ಣ ಗುಳ್ಳೆಗಳನ್ನು ಬೇಗ ಬಿಡುವುದಿಲ್ಲ. ಹಾಗಾಗಿ ಡಬ್ಬಿ ಕುಲುಕದೆ, ಬದಿಗೆ ತಾಗಿಸಿ ನಿಧಾನಕ್ಕೆ ಸುರಿದೆ. ಆಮೇಲೆ ಬ್ಲೀಡ್ ಮಾಡಿದೆ, ಅಂದರೆ ಎಣ್ಣೆಯೊಳಗೆ ಸಿಕ್ಕಿಕೊಂಡ ಗಾಳಿಯನ್ನು ಬ್ಲೀಡರ್ ಅನ್ನುವ ಸಣ್ಣ ತಿರುಪು ಸಡಿಲಿಸಿ ಹೊರಗೆ ಬಿಟ್ಟೆ. ಮೊದಲು ಏರ್‌ಪ್ಯಾಕಿನ ಬ್ಲೀಡರ್, ಆಮೇಲೆ ದೂರದ ಗಾಲಿಯಿಂದ ಹತ್ತಿರದ ಗಾಲಿಗೆ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಬ್ಲೀಡ್ ಮಾಡಿದಾಗ ಇನ್ನೊಂದಷ್ಟು ಗುಳ್ಳೆ ಬಂತು.

ಇದೇ ಕೈಯಲ್ಲಿ ಎಣ್ಣೆಯ ರಬ್ಬರ್ ಹೋಸುಗಳನ್ನೂ ಎಲ್ಲಾ ಹೊಸದು ಹಾಕಿದೆ. ಒಂದೇ ಲೈನಿರುವ ಗಾಡಿಯಲ್ಲಿ ಹಳೇ ಹೋಸ್ ಉಳಿಸಲು ನನಗೆ ಮನಸ್ಸು ಬರಲಿಲ್ಲ.

ಈಗ 115ಕ್ಕೆ ಏರ್ ಹಿಡಿಸಿ ಪೆಡಲ್ ಒತ್ತಿದರೆ ಮುಳ್ಳು ಸ್ವಲ್ಪ ಇಳಿದು ನಿಲ್ಲುತ್ತದೆ. ಐದು ನಿಮಿಷ ಒತ್ತಿ ಹಿಡಿದರೂ ಪೆಡಲ್ ಕದಲಲಿಲ್ಲ. ಬುಸ್ ಸದ್ದಿಲ್ಲ. ಫೋನನ್ನು ಚಾಸಿ ಪಕ್ಕ ಹಿಡಿದು ಅಪ್ಪನಿಗೂ ಆ ಮೌನ ಕೇಳಿಸಿದೆ. "ಪೆಡಲ್ ಬಿಡು, ಕೇಳೋಣ" ಅಂದರು. ಬಿಟ್ಟಾಗ ಒಂದೇ ಸಲ ಟುಸ್ ಅಂತ ಗಾಳಿ ಹೊರಗೆ ಬಂತು. "ಹ್ಞಾ, ಅದು ಇರಬೇಕು" ಅಂದರು.

ಆದರೂ ರಸ್ತೆಗೆ ಇಳಿಸಿಲ್ಲ. ಬ್ಲೀಡ್ ಮಾಡಿ ಪ್ರೆಶರ್ ಸರಿಯಾಗಿ ಬಂದ ಮೇಲೆ ನಡುವಿನ ಆಕ್ಸಲಿನ ಎಡಗಾಲಿಯ ಹಿಂದೆ ತೇವ ಕಾಣಿಸಿತು. ಅಲ್ಲಿನ ವೀಲ್ ಸಿಲಿಂಡರ್ ಸೋರುತ್ತಿದೆ. ಈ ಟ್ರಕ್ಕಿನಲ್ಲಿ ಆಕ್ಸಲ್ ಶಾಫ್ಟ್ ಎಳೆದು, ಹಬ್ಬಿನ ದೊಡ್ಡ ನಟ್ಟು ಬಿಚ್ಚಿದ ಮೇಲೇ ಡ್ರಮ್ ಕೈಗೆ ಬರುವುದು. ಆರಕ್ಕೂ ಹೊಸ ವೀಲ್ ಸಿಲಿಂಡರ್ ತರಿಸಿದ್ದೇನೆ. ಮುಂದಿನ ಶನಿವಾರ ಎಡಗಡೆಯಿಂದ ಶುರು.